ಆಳಿಗೆಷ್ಟು ಕಾಳು

ದುಡಿಯುವ ಆಳಿಗೆ ದಿನಕ್ಕೆ ಎಷ್ಟು ಕಾಳು ಬೇಕು? 1877ರ ಬರಗಾಲದಲ್ಲಿ ಈ ಪ್ರಶ್ನೆಗಾಗಿ ಬ್ರಿಟಿಷ್ ಸರಕಾರದ ಇಬ್ಬರು ದೊಡ್ಡ ಅಧಿಕಾರಿಗಳು ಪುಟಗಟ್ಟಲೆ ಬರೆದು ವಾದ ಮಾಡಿದರು. ವಾದ ಇದ್ದದ್ದು ಅರ್ಧ ಪೌಂಡು ಧಾನ್ಯದ ಮೇಲೆ. ಅವರು ಬರೆಯುತ್ತಿದ್ದ ಹೊತ್ತಿನಲ್ಲಿ ಕೆರೆಯ ಹೂಳು ಹೊರುತ್ತ, ರಸ್ತೆಗೆ ಜಲ್ಲಿ ಒಡೆಯುತ್ತ ಇದ್ದವರಲ್ಲಿ ನಮ್ಮ ಸೀಮೆಯ ಜನ ಸಾವಿರಗಟ್ಟಲೆ ಇದ್ದರು. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಗಳೆಲ್ಲ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಬರ ಅತಿ ಕ್ರೂರವಾಗಿ ಬಡಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು.

ನಾನು ತೆಲಿಗಿಯವಳು. ಹಳ್ಳಿಯ ಉಪಕೇಂದ್ರಗಳಲ್ಲಿ ನರ್ಸಮ್ಮನಾಗಿ ದುಡಿದು ನಿವೃತ್ತಳಾದವಳು. ಬಸುರಿಯರನ್ನು, ಬಾಣಂತಿಯರನ್ನು, ಕೂಸುಗಳನ್ನು ತೂಗುವುದು, ತೂಕ ಬರೆದಿಡುವುದು, ಏನು ಉಣ್ಣಬೇಕೆಂದು ಹೇಳುವುದು, ಇದೇ ನನ್ನ ಕಸುಬು. ಹೇಳುವುದಕ್ಕೆ ನಮಗೊಂದು ಪಟ್ಟಿ ಕೊಟ್ಟಿದ್ದರು. ಹಗುರ ಕೆಲಸದವರಿಗೆ ಇಷ್ಟು ಕ್ಯಾಲೊರಿ, ಮಧ್ಯಮ ಕೆಲಸದವರಿಗೆ ಇಷ್ಟು, ಭಾರಿ ಕೆಲಸದವರಿಗೆ ಇಷ್ಟು ಎಂದು ಮೂರು ಮನೆ ಮಾಡಿ ಬರೆದದ್ದು. ಎದುರಿಗೆ ನಿಂತ ಹೆಂಗಸನ್ನು ಯಾವ ಮನೆಗೆ ಸೇರಿಸಬೇಕು ಎಂಬಲ್ಲೇ ನನ್ನ ಕಷ್ಟ ಶುರುವಾಗುತ್ತಿತ್ತು. ಸೋಮವಾರ ಆಕೆ ಬದು ಹಾಕುವ ಕೂಲಿಗೆ ಹೋಗಿ ಗುದ್ದಲಿ ಹಿಡಿದಿರುತ್ತಾಳೆ. ಗುರುವಾರ ಮೆಕ್ಕೆಜೋಳದಲ್ಲಿ ಕಳೆ ತೆಗೆದಿರುತ್ತಾಳೆ. ಶನಿವಾರ ಕೂಲಿ ಸಿಗದೆ ಕಟ್ಟೆಯ ಮೇಲೆ ಕೂತಿರುತ್ತಾಳೆ. ಒಬ್ಬಳೇ ಹೆಂಗಸು ಒಂದೇ ವಾರದಲ್ಲಿ ಮೂರೂ ಮನೆ ದಾಟಿರುತ್ತಾಳೆ. ಆ ಪಟ್ಟಿ ಎಲ್ಲಿಂದ ಬಂತು, ಯಾರು ಮಾಡಿದರು ಎಂದು ಹುಡುಕುತ್ತ ಹೋದೆ. ಆ ಹುಡುಕಾಟ ನನ್ನನ್ನು ಧಾತು–ಈಶ್ವರ ಬರಕ್ಕೆ ಒಯ್ದು ನಿಲ್ಲಿಸಿತು.

ಅದಕ್ಕೆ ಮೊದಲು ನಮ್ಮ ಮನೆಗಳ ಲೆಕ್ಕ ಹೇಳಬೇಕು. ಸರಕಾರದ ಲೆಕ್ಕಕ್ಕಿಂತ ಅದು ಹಳೆಯದು.

ನಮ್ಮ ಅವ್ವನಿಗೆ ಕ್ಯಾಲೊರಿ ಗೊತ್ತಿರಲಿಲ್ಲ. ಸಂಜೆ ಹೊತ್ತು ಮುಳುಗಿದ ಮೇಲೆ ಅಪ್ಪನನ್ನು ಒಂದು ಮಾತು ಕೇಳುತ್ತಿದ್ದಳು: "ನಾಳಿಗೆ ಯಾವ ಹೊಲ?" ಅಪ್ಪ ಹೊಲದ ಹೆಸರು ಹೇಳಿದರೆ ಸಾಕು, ದಾರಿ ಎಷ್ಟು ದೂರ, ನೆಲ ಎರೆಯೋ ಮಸಾರಿಯೋ, ಕೆಲಸ ರಂಟೆಯದೋ ಕುಂಟೆಯದೋ ಎಂಬುದೆಲ್ಲ ಆಕೆಗೆ ತಿಳಿಯುತ್ತಿತ್ತು. ಅದರ ಮೇಲೆ ಹಿಟ್ಟು ತೆಗೆಯುತ್ತಿದ್ದಳು. ರೋಹಿಣಿ ಮಳೆ ಬಿದ್ದು ಬಿತ್ತನೆ ಹತ್ತಿತೆಂದರೆ ಬುತ್ತಿಯ ರೊಟ್ಟಿ ಏರುತ್ತಿತ್ತು. ಜೋಳ ಕೊಯ್ಯುವಾಗ, ಕಣದಲ್ಲಿ ಒಕ್ಕುವಾಗ ಬೆಳಗಿನ ಅಂಬಲಿ, ನಡುಹೊತ್ತಿನ ರೊಟ್ಟಿ, ರಾತ್ರಿಯ ನುಚ್ಚು ಮೂರೂ ದಪ್ಪವಾಗುತ್ತಿದ್ದವು. ಜೊತೆಗೆ ಗುರೆಳ್ಳು ಹಿಂಡಿ, ಶೇಂಗಾ ಚಟ್ನಿ. ಎಣ್ಣೆಕಾಳಿನ ಈ ಎರಡು ಪದಾರ್ಥ ಸುಗ್ಗಿಯಲ್ಲೇ ಹೆಚ್ಚಾಗಿ ಬೀಳುತ್ತಿದ್ದುದಕ್ಕೆ ಕಾರಣ ಇತ್ತು. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ, ಒಂದು ಗ್ರಾಂ ಹಿಟ್ಟಿನ ಪಿಷ್ಟದಲ್ಲಿ 4. ಹೊಟ್ಟೆಗೆ ಭಾರವಾಗದಂತೆ ಕಸುವು ತುಂಬುವ ದಾರಿ ಅದು. ಮಾಘ ದಾಟಿ ಹೊಲ ಖಾಲಿಯಾದಾಗ ಮತ್ತೆ ಎಲ್ಲ ತೆಳ್ಳಗೆ. ಮುಯ್ಯಾಳಿಗೆ ಬಂದವರಿಗೆ ಊಟ ಹಾಕುವ ಮನೆಯವರೂ ಹೀಗೇ ನೋಡುತ್ತಿದ್ದರು. ಕೊಯ್ಲಿನ ಕೂಲಿಯನ್ನು ಕಾಳಿನಲ್ಲಿ, ತೆನೆಯಲ್ಲಿ ಕೊಡುವಾಗಲೂ ಭಾರದ ಕೆಲಸಕ್ಕೆ ಭಾರದ ಕೂಲಿ ಎಂಬ ಒಡಂಬಡಿಕೆ ಇತ್ತು.

ಈ ಲೆಕ್ಕವನ್ನು ನಾನು ಹೊಗಳಿ ಸುಮ್ಮನಾಗಲಾರೆ. ಅದರೊಳಗೆ ದೊಡ್ಡ ಅನ್ಯಾಯ ಇತ್ತು. "ಯಾವ ಹೊಲ" ಎಂಬ ಪ್ರಶ್ನೆ ಗಂಡಸಿಗೆ ಮಾತ್ರ. ಅದೇ ಹೊಲಕ್ಕೆ ಅವ್ವನೂ ಹೋಗುತ್ತಿದ್ದಳು, ಕೋಳಿ ಕೂಗುವ ಮುಂಚೆ ಎದ್ದು ಬೀಸಿ, ನೀರು ಹೊತ್ತು, ರೊಟ್ಟಿ ಬಡಿದು ಆದ ಮೇಲೆ. ಅವಳ ಪಾಲು ಉಳಿದದ್ದು. ಜೀತಕ್ಕಿದ್ದವರ ಪಾಲನ್ನು ಗೌಡರ ಮನೆಯ ಮೊರ ತೀರ್ಮಾನ ಮಾಡುತ್ತಿತ್ತು, ಅವರ ಬೆವರಲ್ಲ. ಕೆಲಸ ನೋಡಿ ಊಟ ಎಂಬ ತಿಳಿವಳಿಕೆ ನಮ್ಮ ಜನಕ್ಕೆ ಇತ್ತು. ಅದನ್ನು ಎಲ್ಲರಿಗೂ ಸಮನಾಗಿ ನಡೆಸುವ ಮನಸ್ಸು ಇರಲಿಲ್ಲ.

ಕಾಗದದ ಮೇಲೆ ನಮ್ಮ ಜಿಲ್ಲೆಯ ಊಟ ಮೊದಲು ಕಾಣಿಸಿಕೊಳ್ಳುವುದು ಥಾಮಸ್ ಮನ್ರೋ ಕಾಲದಲ್ಲಿ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಈ ಸೀಮೆಗೆ ಮನ್ರೋ ಮುಖ್ಯ ಕಲೆಕ್ಟರನಾಗಿ ಬಂದ. 1806ರ ಸುಮಾರಿಗೆ ಬಳ್ಳಾರಿ–ಕಡಪ ಸೀಮೆಯ ಜನ ಏನೇನು ಬಳಸುತ್ತಾರೆ ಎಂಬ ಲೆಕ್ಕ ತಯಾರಾಯಿತು. ಉಳ್ಳವರು, ನಡುವಿನವರು, ಕೆಳಗಿನವರು ಎಂದು ಮೂರು ದರ್ಜೆ ಮಾಡಿದ್ದಾರೆ. ತುಪ್ಪ, ಎಣ್ಣೆ, ಬೇಳೆ, ಬಟ್ಟೆಗಳ ಸಾಲಿನಲ್ಲಿ ದರ್ಜೆಯಿಂದ ದರ್ಜೆಗೆ ಅಂತರ ಎದ್ದು ಕಾಣುತ್ತದೆ. ಧಾನ್ಯದ ಸಾಲಿಗೆ ಬಂದರೆ ಮೂರೂ ದರ್ಜೆಗೆ ಒಂದೇ ಅಳತೆ, ತಲೆಗೆ ದಿನಕ್ಕೆ ಅರ್ಧ ಸೇರು. ಕಾಳಿನ ಜಾತಿ ಬೇರೆ, ಪ್ರಮಾಣ ಒಂದೇ. ಇದನ್ನು ಓದಿದಾಗ ನನಗೆ ಹೊಳೆದದ್ದು ಇಷ್ಟು: ದುಡ್ಡಿನಿಂದ ದರ್ಜೆ ಮಾಡುವುದು ಸರಕಾರಕ್ಕೆ ಅಂದೇ ಗೊತ್ತಿತ್ತು, ದುಡಿತದಿಂದ ದರ್ಜೆ ಮಾಡುವುದು ಗೊತ್ತಿರಲಿಲ್ಲ. ಗದ್ದಿಗೆಯ ಮೇಲೆ ಕೂತ ಸಾಹುಕಾರನ ಅರ್ಧ ಸೇರೂ ರಂಟೆ ಹೊಡೆಯುವವನ ಅರ್ಧ ಸೇರೂ ಆ ಕಾಗದದಲ್ಲಿ ಒಂದೇ.

ಇನ್ನು ಬರದ ಮಾತು. ಧಾತು ಸಂವತ್ಸರ ಎಂದರೆ 1876–77, ಈಶ್ವರ ಎಂದರೆ 1877–78. ಎರಡೂ ಹೆಸರು ಸೇರಿಸಿಯೇ ಆ ಬರವನ್ನು ಕರೆಯುತ್ತಾರೆ. 1876ರ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಎರೆ ಹೊಲದಲ್ಲಿ ಹಿಂಗಾರಿ ಜೋಳವೇ ವರ್ಷದ ಅನ್ನ. ಅದು ಹೋದ ಮೇಲೆ ಉಳಿದದ್ದು ಹಗೇವಿನ ಕಾಳು. ಬೆಲೆ ಏರಿದ್ದರಿಂದ ಅದೂ ಗಾಡಿ ಹತ್ತಿ ಹೊರಗೆ ಹೋಯಿತು. ಆ ವರ್ಷದ ಚಳಿಗಾಲಕ್ಕೆ ಬಳ್ಳಾರಿ ಜಿಲ್ಲೆಯ ಬರಗಾಲದ ಕಾಮಗಾರಿಗಳಲ್ಲಿ ಜನ ಕಿಕ್ಕಿರಿದು ಸೇರಿದರು.

1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಹಿಂದೂಸ್ಥಾನದ ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆಯಿತು. ಅದೇ ತಿಂಗಳು ವೈಸರಾಯ್ ಲಿಟ್ಟನ್ ಸರ್ ರಿಚರ್ಡ್ ಟೆಂಪಲ್ ಎಂಬಾತನನ್ನು ಬರದ ಪ್ರತಿನಿಧಿ ಮಾಡಿ ದಕ್ಷಿಣಕ್ಕೆ ಕಳಿಸಿದ. ಈ ಟೆಂಪಲ್ ಮೂರು ವರ್ಷದ ಹಿಂದೆ ಬಿಹಾರದ ಬರದಲ್ಲಿ ಬರ್ಮಾದಿಂದ ಹಡಗುಗಟ್ಟಲೆ ಅಕ್ಕಿ ತರಿಸಿ ಜನರನ್ನು ಉಳಿಸಿದವನು. ಹಾಗೆ ಉಳಿಸಿದ್ದಕ್ಕೆ, ದುಂದು ಮಾಡಿದೆ ಎಂದು ಬೈಸಿಕೊಂಡವನು. ಈ ಸಲ ಅವನ ಕೈಗೆ ಬಂದ ಆದೇಶ ಖರ್ಚು ಹಿಡಿ ಎಂಬುದು. ಕಾಮಗಾರಿಯ ಕೂಲಿಯನ್ನು ಇಳಿಸಿದ: ಗಂಡಾಳಿಗೆ ಒಂದು ಪೌಂಡು ಧಾನ್ಯ ಕೊಳ್ಳುವಷ್ಟು ದುಡ್ಡು, ಮೇಲೆ ಉಪ್ಪು–ಮೆಣಸಿನಕಾಯಿಗೆಂದು ಒಂದಿಷ್ಟು ಕಾಸು. ಹೆಣ್ಣಾಳಿಗೆ, ದುಡಿಯುವ ಮಕ್ಕಳಿಗೆ ಇನ್ನೂ ಕಡಿಮೆ. ಒಂದು ಪೌಂಡಿನಲ್ಲಿ ಆಳು ಬದುಕಬಲ್ಲ, ಪ್ರಯೋಗ ಮಾಡಿ ನೋಡೋಣ ಎಂಬುದು ಅವನ ವಾದ. ಇದಕ್ಕೆ ಟೆಂಪಲ್ ಕೂಲಿ ಎಂದೇ ಹೆಸರು ಬಿತ್ತು.

ಎದುರು ನಿಂತವನು ವಿಲಿಯಂ ರಾಬರ್ಟ್ ಕಾರ್ನಿಷ್, ಮದ್ರಾಸ್ ಪ್ರಾಂತ್ಯದ ಸ್ಯಾನಿಟರಿ ಕಮಿಷನರ್, ವೈದ್ಯ. ದಕ್ಷಿಣದ ಜನ ಏನು ಉಣ್ಣುತ್ತಾರೆ ಎಂಬುದನ್ನು ಬರಕ್ಕೆ ಮೊದಲೇ ಅಭ್ಯಾಸ ಮಾಡಿದ್ದವನು. ಒಂದು ಪೌಂಡು ಸಾಲದು, ಒಂದೂವರೆ ಬೇಕು, ಜೊತೆಗೆ ಬೇಳೆ ಬೇಕು, ಪಲ್ಲೆ ಬೇಕು, ಅದರಲ್ಲೂ ಮಣ್ಣಿನ ಕೆಲಸ ಮಾಡಿಸುವುದಾದರೆ ಬೇಕೇ ಬೇಕು ಎಂದ. ಜೈಲಿನಲ್ಲಿ ಸಶ್ರಮ ಶಿಕ್ಷೆ ಅನುಭವಿಸುವ ಕೈದಿಗೆ ಇದಕ್ಕಿಂತ ಹೆಚ್ಚು ಕೊಡುತ್ತೀರಲ್ಲ, ಏನೂ ತಪ್ಪು ಮಾಡದ ರೈತನಿಗೆ ಯಾಕೆ ಕಡಿಮೆ ಎಂಬುದು ಆ ವಾದದ ಮೊನೆ. ಶಿಬಿರಗಳಿಗೆ ಹೋಗಿ ಕಣ್ಣಾರೆ ನೋಡಿದ. ಜನರನ್ನು ತೂಗಿಸಿದ. ಮದ್ರಾಸಿನ ಪತ್ರಕರ್ತ ವಿಲಿಯಂ ಡಿಗ್ಬಿ 1878ರಲ್ಲಿ ಎರಡು ಸಂಪುಟಗಳಲ್ಲಿ ಬರೆದ ಬರದ ಚರಿತ್ರೆಯಲ್ಲಿ ಈ ವಾದ–ಪ್ರತಿವಾದ ಪೂರ್ತಿ ಸಿಗುತ್ತದೆ. ತಕ್ಕಡಿ ಹಿಡಿದೇ ಬದುಕಿದ ನನ್ನಂಥವಳಿಗೆ ಕಾರ್ನಿಷನ ಮೇಲೆ ಗೌರವ ಹುಟ್ಟಿದ್ದು ಅವನ ಹುದ್ದೆ ನೋಡಿ ಅಲ್ಲ, ಮಾತಾಡುವ ಮುಂಚೆ ತೂಕ ನೋಡಿದ ಎಂಬ ಕಾರಣಕ್ಕೆ.

ಆಗ ಊಟವನ್ನು ಕ್ಯಾಲೊರಿಯಲ್ಲಿ ಅಳೆಯುವ ರೂಢಿ ಬಂದಿರಲಿಲ್ಲ. ಇಂಗಾಲ ಎಷ್ಟು, ಸಾರಜನಕ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದರು. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಸ್ಮಿತ್ ಎಂಬ ವೈದ್ಯ ಜೈಲಿನ ಕಾಲ್ಚಕ್ರ ತುಳಿಯುವವರ ಉಸಿರನ್ನು ಅಳೆದಿದ್ದ. 1865ರಲ್ಲಿ ಲಿಯಾನ್ ಪ್ಲೇಫೇರ್ ಎಂಬ ರಸಾಯನಶಾಸ್ತ್ರಜ್ಞ, ಸುಮ್ಮನೆ ಕೂತವನಿಗೆ, ಸಾಧಾರಣ ಕೆಲಸದವನಿಗೆ, ಕಷ್ಟದ ಕೆಲಸದವನಿಗೆ ಬೇರೆ ಬೇರೆ ಊಟ ಎಂದು ದರ್ಜೆ ಮಾಡಿ ಹೇಳಿದ್ದ. ಅಂದರೆ ಕೆಲಸ ಹೆಚ್ಚಾದಂತೆ ಊಟ ಹೆಚ್ಚಬೇಕು ಎಂಬುದು ಟೆಂಪಲ್ ಬಳ್ಳಾರಿಗೆ ಬರುವ ಹನ್ನೆರಡು ವರ್ಷ ಮೊದಲೇ ಅವನ ದೇಶದಲ್ಲಿ ಅಚ್ಚಾಗಿತ್ತು. ತಿಳಿಯದೆ ಮಾಡಿದ ಕೆಲಸ ಅದಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಇಂದಿನ ಲೆಕ್ಕದಲ್ಲಿ ಅದನ್ನು ನೋಡೋಣ. ಒಂದು ಪೌಂಡು ಎಂದರೆ 454 ಗ್ರಾಂ. ನೂರು ಗ್ರಾಂ ಜೋಳದಲ್ಲಿ ಸುಮಾರು 335ರಿಂದ 350 ಕ್ಯಾಲೊರಿ. ಪೂರ್ತಿ ಪೌಂಡಿಗೆ ಸುಮಾರು 1,550. ಕಾರ್ನಿಷ್ ಕೇಳಿದ ಒಂದೂವರೆ ಪೌಂಡಿಗೆ ಸುಮಾರು 2,300, ಮೇಲೆ ಬೇಳೆಯದು ಬೇರೆ. ಗುದ್ದಲಿ ಹಿಡಿದು ದಿನವಿಡೀ ಅಗೆಯುವ ಗಂಡಸಿಗೆ ಈಗಿನ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವುದು 3,470. ಅದು 65 ಕಿಲೋ ಮೈಯವನಿಗೆ. ಆಗಿನವರ ಮೈ ಸಣ್ಣದು ಎಂದು 45 ಕಿಲೋ ಇಟ್ಟುಕೊಂಡರೂ ಬೇಕಾದದ್ದು 3,000ದ ಆಸುಪಾಸು. ಟೆಂಪಲ್ ಕೂಲಿ ಅದರ ಅರ್ಧ. ಇನ್ನರ್ಧವನ್ನು ಮೈ ತನ್ನ ಮಾಂಸದಿಂದಲೇ ಕೊಡಬೇಕಾಗಿತ್ತು. ಎಷ್ಟು ದಿನ ಕೊಟ್ಟೀತು? ಮದ್ರಾಸಿನ ರಾಯಪುರಂ ಬರದ ಆಸ್ಪತ್ರೆಯಲ್ಲಿ ಸತ್ತವರ ದೇಹಗಳನ್ನು ಪರೀಕ್ಷೆ ಮಾಡಿದ ಅಲೆಕ್ಸಾಂಡರ್ ಪೋರ್ಟರ್ 1889ರಲ್ಲಿ ಅಚ್ಚು ಮಾಡಿಸಿದ ಪುಸ್ತಕ ಈ ಪ್ರಶ್ನೆಗೆ ಉತ್ತರ. ಅದರ ವಿವರ ಇಲ್ಲಿ ಬರೆಯುವ ಧೈರ್ಯ ನನಗಿಲ್ಲ.

ಮುಂಬಯಿ ಪ್ರಾಂತ್ಯದಲ್ಲಿ ಜನ ಈ ಕೂಲಿಗೆ ಕೆಲಸ ಮಾಡುವುದಿಲ್ಲ ಎಂದು ಕಾಮಗಾರಿ ಬಿಟ್ಟು ಎದ್ದರು, ಪುಣೆಯ ಸಾರ್ವಜನಿಕ ಸಭೆ ಅವರ ಬೆನ್ನಿಗೆ ನಿಂತಿತು. ಮದ್ರಾಸ್ ಸರಕಾರ ಕೊನೆಗೆ ಕಾರ್ನಿಷನ ಕಡೆ ಅರ್ಧ ದಾರಿ ಬಂದು ಒಂದೂಕಾಲು ಪೌಂಡು ಧಾನ್ಯ, ಒಂದೂವರೆ ಔನ್ಸು ಬೇಳೆ ಎಂದಿತು. ಅಷ್ಟು ಹೊತ್ತಿಗೆ ಹೋಗುವವರು ಹೋಗಿದ್ದರು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ನಮ್ಮ ಬಳ್ಳಾರಿ ಸೀಮೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಇಳಿಯಿತು. ಗಡಿಯಾಚೆ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ 55 ಸಾವಿರ ಇದ್ದವರು 41 ಲಕ್ಷ 86 ಸಾವಿರಕ್ಕೆ ಬಂದರು.

ಬರ ಮುಗಿದ ಮೇಲೆ ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಬರ ಆಯೋಗ 1880ರಲ್ಲಿ ವರದಿ ಕೊಟ್ಟಿತು, ಅದರ ಬೆನ್ನಿಗೆ ಬರ ಸಂಹಿತೆಗಳು ಬಂದವು. ದುಡಿತದಿಂದ ದರ್ಜೆ ಮಾಡುವುದನ್ನು ಸರಕಾರ ಕಲಿತದ್ದು ಆಗ. ರೂಢಿಯ ಕೂಲಿಯಾಳು, ರೂಢಿಯಿಲ್ಲದವನು, ನಿಶ್ಶಕ್ತ ಎಂದು ಬೇರ್ಪಡಿಸಿದರು. ಮುಂದೆ ಅಗೆಯುವವರಿಗೆ ಒಂದು ಅಳತೆ, ಹೊರುವವರಿಗೆ ಅದಕ್ಕಿಂತ ಕಡಿಮೆ ಇನ್ನೊಂದು ಅಳತೆ ಮಾಡಿದರು. ಅಗೆಯುವವರು ಬಹುಪಾಲು ಗಂಡಸರು, ಹೊರುವವರು ಬಹುಪಾಲು ಹೆಂಗಸರು, ಮಕ್ಕಳು. ಹೊರುವುದು ಹಗುರ ಎಂದವರು ಯಾರು? ಕೆರೆಯ ಅಂಗಳದಲ್ಲಿ ಅಗೆಯುವವನು ನಿಂತಲ್ಲೇ ನಿಂತಿರುತ್ತಾನೆ. ಹೊರುವವಳು ಹಸಿ ಮಣ್ಣಿನ ಪುಟ್ಟಿ ತಲೆ ಮೇಲೆ ಇಟ್ಟುಕೊಂಡು ಏರಿ ಹತ್ತಿ ಚೆಲ್ಲಿ ಇಳಿದು ಬರುತ್ತಾಳೆ. ಏರಿ ಎತ್ತರವಾದಷ್ಟೂ ಅವಳ ಕೆಲಸ ದಿನದಿಂದ ದಿನಕ್ಕೆ ಭಾರವಾಗುತ್ತ ಹೋಗುತ್ತದೆ, ಅವನದು ಅಷ್ಟೇ ಇರುತ್ತದೆ. ಸಂಹಿತೆ ಬರೆದವರು ಒಂದು ದಿನ ಪುಟ್ಟಿ ಹೊತ್ತಿದ್ದರೆ ಆ ಸಾಲು ಬೇರೆಯಾಗುತ್ತಿತ್ತು.

ಬರಕ್ಕೆ ಉತ್ತರ ಎಂದು ರೈಲು ಬಂತು. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ಹಾದು ಕೊಟ್ಟೂರಿಗೆ 1905ರಲ್ಲಿ ಗಾಡಿ ಬಂದು ನಿಂತಿತು. ಕಾಳು ತರುವ ದಾರಿ ಆಯಿತು. ಎಷ್ಟು ತರಬೇಕು ಎಂಬ ಲೆಕ್ಕ ಮಾತ್ರ ಬೇರೆ ಕಡೆ ಬೆಳೆಯುತ್ತಿತ್ತು.

ಜರ್ಮನಿಯ ಮ್ಯೂನಿಕ್‌ನಲ್ಲಿ ಕಾರ್ಲ್ ಫಾಯ್ಟ್, ಅವನಲ್ಲಿ ಕಲಿತು ಬಂದ ಅಮೆರಿಕದ ವಿಲ್ಬರ್ ಅಟ್‌ವಾಟರ್, ಇವರು ಊಟವನ್ನು ಶಾಖದ ಲೆಕ್ಕಕ್ಕೆ ತಂದವರು. 1890ರ ದಶಕದಲ್ಲಿ ಅಟ್‌ವಾಟರ್ ಒಂದು ಕೋಣೆ ಕಟ್ಟಿಸಿ ಅದರೊಳಗೆ ಮನುಷ್ಯರನ್ನು ಇರಿಸಿ, ಸುಮ್ಮನೆ ಕೂತಾಗ ಎಷ್ಟು ಶಾಖ, ಸೈಕಲ್ ತುಳಿದಾಗ ಎಷ್ಟು ಶಾಖ ಎಂದು ಅಳೆದ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ನೆಲೆಯಾದದ್ದು ನೀಲಗಿರಿಯ ಕೂನೂರು. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಅಲ್ಲಿ ಬೆರಿಬೆರಿ ರೋಗದ ಸಂಶೋಧನೆಗೆಂದು ಸಣ್ಣದಾಗಿ ಆರಂಭಿಸಿದ್ದು ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯಾಗಿದೆ. ಮೆಕ್ಯಾರಿಸನ್ ನಂತರ ಬಂದ ಆಯ್ಕ್‌ರಾಯ್ಡ್ 1937ರಲ್ಲಿ ಭಾರತದ ಆಹಾರಗಳ ಪೋಷಕಾಂಶದ ಕೈಪಿಡಿ ಹೊರತಂದರು. ಜೋಳ, ನವಣೆ, ರಾಗಿಗಳ ಕಸುವು ಅಂಕಿಯಾಗಿ ಅದರೊಳಗೆ ಕೂತಿತು. ಎರಡನೆಯ ಮಹಾಯುದ್ಧದ ಕಾಲದ ಪಡಿತರದಲ್ಲಿ ಭಾರಿ ಕೆಲಸದವರಿಗೆ ಹೆಚ್ಚಿನ ಪಾಲು ಕೊಡುವ ಪದ್ಧತಿ ಬಂತು, ಅದು ಪಟ್ಟಣದ ಕಾರ್ಖಾನೆಗಳ ಸುತ್ತಲೇ ಉಳಿಯಿತು. ಹೊಲದ ಕೂಲಿಯ ಕಾರ್ಡಿಗೆ ಆ ಮುದ್ರೆ ಬೀಳಲಿಲ್ಲ.

ನನ್ನ ಕೈಗೆ ಬಂದ ಪಟ್ಟಿ ಈ ವಂಶದ್ದೇ. 2010ರ ಪಟ್ಟಿಯಲ್ಲಿ 55 ಕಿಲೋ ತೂಕದ ಹೆಂಗಸಿಗೆ ಹಗುರ ಕೆಲಸಕ್ಕೆ 1,900, ಮಧ್ಯಮಕ್ಕೆ 2,230, ಭಾರಿಗೆ 2,850 ಕ್ಯಾಲೊರಿ ಇತ್ತು. 2020ರಲ್ಲಿ ಅದನ್ನು 1,660, 2,130, 2,720 ಎಂದು ಇಳಿಸಿದರು. ಇದರ ಹಿಂದಿನ ಗಣಿತ ಬಿಡಿಸಿ ಹೇಳಿದರೆ ಕಷ್ಟದ್ದಲ್ಲ. ಮೈ ಸುಮ್ಮನೆ ಮಲಗಿದ್ದರೂ ಉಸಿರಾಡಲು, ರಕ್ತ ಓಡಿಸಲು, ಮೈ ಬಿಸಿ ಇಡಲು ದಿನಕ್ಕೆ ಇಂತಿಷ್ಟು ಬೇಕು. ಅದೇ ತಳಪಾಯ. ಮಾಡುವ ಪ್ರತಿ ಕೆಲಸವೂ ಆ ತಳಪಾಯದ ಎಷ್ಟು ಪಟ್ಟು ಎಂದು ಅಳೆದಿದ್ದಾರೆ. ನಿದ್ದೆ ಒಂದು ಪಟ್ಟು, ಕೂತು ಮಾತಾಡುವುದು ಒಂದೂಕಾಲರಿಂದ ಒಂದೂವರೆ ಪಟ್ಟು, ಅಡಿಗೆ–ಕಸ–ಮುಸುರೆ ಎರಡರ ಮೇಲೆ, ಅಗೆತ–ಹೊರೆತ ನಾಲ್ಕರಿಂದ ಐದು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಗಂಟೆಗಂಟೆಯ ಲೆಕ್ಕ ಕೂಡಿಸಿ 24ರಿಂದ ಭಾಗಿಸಿದರೆ ಆ ದಿನದ ಪಟ್ಟು ಸಿಗುತ್ತದೆ. ಹಗುರ ದಿನಕ್ಕೆ 1.4, ಮಧ್ಯಮಕ್ಕೆ 1.8, ಭಾರಿಗೆ 2.3 ಎಂದು ನಮ್ಮ ಮಂಡಳಿ ಇಟ್ಟುಕೊಂಡಿದೆ.

ಇದನ್ನು ತೆಲಿಗಿ ಹೋಬಳಿಯ ಒಬ್ಬ ಹೆಣ್ಣುಮಗಳ ಮೇಲೆ ಇಟ್ಟು ನೋಡುತ್ತೇನೆ. ನಲವತ್ತರ ಆಸುಪಾಸಿನ ವಯಸ್ಸು, 45 ಕಿಲೋ ತೂಕ. ನನ್ನ ತಕ್ಕಡಿ ಏರಿದವರಲ್ಲಿ 55 ಕಿಲೋದವರು ಅಪರೂಪ, 45ರವರೇ ಹೆಚ್ಚು. ಅವಳ ತಳಪಾಯ ಸುಮಾರು 1,160 ಕ್ಯಾಲೊರಿ. ಉದ್ಯೋಗ ಖಾತ್ರಿಯಲ್ಲಿ ಕಂದಕ ತೋಡಲು ಹೋದ ದಿನ: ಎಂಟು ಗಂಟೆ ನಿದ್ದೆ, ಆರು ಗಂಟೆ ಅಗೆದು ಹೊತ್ತದ್ದು, ಎರಡು ಗಂಟೆ ಹೋಗಿ ಬರುವ ನಡಿಗೆ, ನಾಲ್ಕು ಗಂಟೆ ಮನೆಗೆಲಸ, ಉಳಿದದ್ದು ಕೂತದ್ದು. ಕೂಡಿಸಿದರೆ 2.3 ಪಟ್ಟು, ಅಂದರೆ ಸುಮಾರು 2,700. ಕೂಲಿ ಇಲ್ಲದ ದಿನ ಮನೆಗೆಲಸ ಮಾತ್ರ ಇದ್ದರೆ ಸುಮಾರು 1,690. ಒಬ್ಬಳೇ ಹೆಂಗಸಿನ ಎರಡು ದಿನಗಳ ನಡುವೆ 1,000 ಕ್ಯಾಲೊರಿ ಅಂತರ. ನಮ್ಮ ಕಡೆಯ ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿಯುತ್ತದೆ, ಅದು 200 ಕ್ಯಾಲೊರಿ. ಹಾಗಾದರೆ ಅಂತರ ಐದು ರೊಟ್ಟಿಯದು. ಅವ್ವ ಹೊಲದ ಹೆಸರು ಕೇಳಿ ಹಿಟ್ಟು ತೆಗೆಯುತ್ತಿದ್ದುದು ಈ ಅಂತರವನ್ನೇ.

ಹಾಗೆಂದು ಅದೇ ದಿನದ್ದನ್ನು ಅದೇ ದಿನ ತೀರಿಸಬೇಕೆಂದಿಲ್ಲ. ಮೈ ನಾಲ್ಕಾರು ದಿನ ಸರಿದೂಗಿಸುತ್ತದೆ, ಸ್ವಲ್ಪ ಕೊಬ್ಬು ತೆಗೆದು ಖರ್ಚು ಮಾಡುತ್ತದೆ, ಮತ್ತೆ ಕೂಡಿಡುತ್ತದೆ. ಅದಕ್ಕೇ ನಾನು ವಾರದ ಲೆಕ್ಕ ಹಿಡಿಯಲು ಶುರು ಮಾಡಿದೆ. "ಹೋದ ವಾರ ಏನೇನು ಕೆಲಸಕ್ಕೆ ಹೋಗಿದ್ದಿ ಯವ್ವಾ?" ಎಂದು ಕೇಳುವುದು. ಮೂರು ದಿನ ಭಾರಿ, ಎರಡು ದಿನ ಕಳೆ, ಎರಡು ದಿನ ಮನೆ ಎಂದರೆ 2,700ರಂತೆ ಮೂರು, ಕಳೆಗೆ 1.8 ಪಟ್ಟು ಹಿಡಿದು 2,090ರಂತೆ ಎರಡು, 1,690ರಂತೆ ಎರಡು. ಒಟ್ಟು 15,660. ಏಳರಿಂದ ಭಾಗಿಸಿದರೆ ದಿನಕ್ಕೆ ಸುಮಾರು 2,240. ಈ ಅಂಕಿ ಮಧ್ಯಮ ಮನೆಗೆ ಹತ್ತಿರ ಬರುತ್ತದೆ, ಪಟ್ಟಿ ಸುಳ್ಳಲ್ಲ. ಆದರೆ ಈ ಸರಿದೂಗುವಿಕೆ ವಾರದ ಮಟ್ಟಿಗೆ ನಿಜ, ಬೇಸಿಗೆಯ ಮಟ್ಟಿಗೆ ಅಲ್ಲ. ಯುಗಾದಿಯಿಂದ ಮಿರಗ ಕೂಡುವವರೆಗೆ ದಿನಾ ಕಂದಕದ ಕೆಲಸವೇ ಇದ್ದು, ಅಷ್ಟೂ ದಿನ 2,240ರಷ್ಟೇ ಉಂಡರೆ ದಿನಕ್ಕೆ 450ರಷ್ಟು ಕೊರತೆ. ಮೊದಲೇ 45 ಕಿಲೋ ಇರುವವಳಲ್ಲಿ ತೆಗೆದುಕೊಡಲು ಕೊಬ್ಬೆಲ್ಲಿದೆ? ಬಸುರಿಯಾಗಿದ್ದರೆ ಆ ಕೊರತೆ ಕೂಸಿನ ತೂಕದಲ್ಲಿ ಬಂದು ನಿಲ್ಲುತ್ತದೆ. ಮಳೆಗಾಲದ ಶುರುವಿನಲ್ಲಿ ತೂಗಿದಾಗ ಇಳಿದಿರುತ್ತಿದ್ದ ತೂಕಗಳನ್ನು ನಾನು ನೋಡಿದ್ದೇನೆ. ಬೇಸಿಗೆಯಲ್ಲಿ ನಮ್ಮ ಭಾಗದ ಉದ್ಯೋಗ ಖಾತ್ರಿಗೆ ಅಗೆಯಬೇಕಾದ ಪ್ರಮಾಣದಲ್ಲಿ ಸರಕಾರ ರಿಯಾಯಿತಿ ಕೊಟ್ಟಿತು, ಗಂಡು ಹೆಣ್ಣಿಗೆ ಒಂದೇ ಕೂಲಿ ಎಂದಿತು. ಈ ಎರಡು ಮಾತನ್ನು ನಾನು ಮನಸಾರೆ ಮೆಚ್ಚುತ್ತೇನೆ. ಪುಟ್ಟಿ ಹೊರುವವಳ ಕೆಲಸ ಹಗುರ ಎಂಬ ಹಳೆಯ ಸಾಲು ಕಾಗದದ ಮೇಲಾದರೂ ಅಳಿಸಿತು.

ಸರಾಸರಿಯ ಆಟ ದೆಹಲಿಯಲ್ಲೂ ನಡೆದಿದೆ. ಬಡವರು ಯಾರು ಎಂದು ಗುರುತಿಸಲು 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಹಳ್ಳಿಯವರಿಗೆ ತಲೆಗೆ ದಿನಕ್ಕೆ 2,400 ಕ್ಯಾಲೊರಿ, ಪಟ್ಟಣದವರಿಗೆ 2,100 ಎಂದು ಗೆರೆ ಎಳೆಯಿತು. ಹಳ್ಳಿಗೆ 300 ಹೆಚ್ಚು ಕೊಟ್ಟದ್ದು ಹಳ್ಳಿಯ ದುಡಿತ ಭಾರ ಎಂಬ ಕಾರಣಕ್ಕೇ. 2009ರಲ್ಲಿ ತೆಂಡೂಲ್ಕರ್ ಸಮಿತಿ ಬಡತನದ ಗೆರೆಯನ್ನು ಕ್ಯಾಲೊರಿಯ ಗೂಟದಿಂದ ಬಿಚ್ಚಿತು. ಪಡಿತರವೂ ತಲೆ ಎಣಿಸುತ್ತದೆ, ಕೆಲಸ ಕೇಳುವುದಿಲ್ಲ. ತಿಂಗಳಿಗೆ ತಲೆಗೆ ಐದು ಕಿಲೋ ಅಕ್ಕಿ ಎಂದರೆ ದಿನಕ್ಕೆ 167 ಗ್ರಾಂ, ಸುಮಾರು 580 ಕ್ಯಾಲೊರಿ. ಅದು ಬರುವುದಕ್ಕೆ ಮೊದಲಿನ ಹೊಟ್ಟೆಗಳನ್ನು ಕಂಡವಳು ನಾನು, ಅದನ್ನು ಕೀಳು ಮಾಡಿ ಮಾತಾಡಲಾರೆ. ಆದರೆ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ ನಮ್ಮ ತಾಂಡಾಗಳಿಂದ, ಕೇರಿಗಳಿಂದ ಗುಳೆ ಹೋಗುವವರು ವರ್ಷದಲ್ಲೇ ಅತಿ ಭಾರದ ಕೆಲಸ ಮಾಡುವುದು ಊರು ಬಿಟ್ಟ ಆ ತಿಂಗಳುಗಳಲ್ಲಿ. ಪಡಿತರದ ಅಂಗಡಿ ಮೊದಲೆಲ್ಲ ಊರಲ್ಲೇ ಉಳಿದಿರುತ್ತಿತ್ತು. ತಿಳಿದ ಹೆಂಗಸರು ಹೋಗುವಾಗ ಜೋಳದ ಹಿಟ್ಟಿನ ಚೀಲ, ಹುರಿದ ಶೇಂಗಾ, ಹಿಂಡಿಯ ಡಬ್ಬಿ ಕಟ್ಟಿಕೊಂಡೇ ಹೋಗುತ್ತಾರೆ.

ಈಗ ಊರಿನ ದುಡಿತವೇ ಒಡೆದು ಎರಡಾಗಿದೆ. ಜೋಳದ ಹೊಲಗಳಿಗೆ ಮೆಕ್ಕೆಜೋಳ ಬಂತು, ರಂಟೆಯ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ಒಕ್ಕಲಿಗೆ ಯಂತ್ರ ಬಂತು. ಇವೆಲ್ಲ ಹಗುರ ಮಾಡಿದ್ದು ಬಹುಮಟ್ಟಿಗೆ ಗಂಡಸಿನ ಕೆಲಸವನ್ನು. ಕಳೆ, ಬಿಡಿಸುವುದು, ಹೊರುವುದು ಹೆಂಗಸರ ಕೈಯಲ್ಲೇ ಉಳಿದಿವೆ. ಊಟದ ರೂಢಿ ಮಾತ್ರ ರಂಟೆಯ ಕಾಲದ್ದು, ಗಂಡಸಿಗೆ ಮೊದಲು, ಗಂಡಸಿಗೆ ಹೆಚ್ಚು. ನನ್ನ ಸೇವೆಯ ಕೊನೆಕೊನೆಗೆ ಒಂದೇ ಮನೆಯಲ್ಲಿ ಸಕ್ಕರೆ ಕಾಯಿಲೆಯ ಮಗನನ್ನೂ ರಕ್ತಹೀನತೆಯ ತಾಯಿಯನ್ನೂ ನೋಡುವಂತಾಯಿತು. ಮಗ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಅವನ ದಿನ 1.5 ಪಟ್ಟಿನ ಹತ್ತಿರ. ತಾಯಿ ಕೂಲಿಗೆ ಹೋಗುತ್ತಾಳೆ, ಅವಳದು ಎರಡರ ಮೇಲೆ. ರೊಟ್ಟಿ ಬಡಿಯುವ ಸೊಸೆಗೆ ಹೇಳಿದೆ, "ಅತ್ತೆಗೆ ಎರಡು ರೊಟ್ಟಿ ಹೆಚ್ಚಿಗಿ ಕಟ್ಟು, ಮ್ಯಾಲೆ ಶೇಂಗಾ ಹಿಂಡಿ ಹಾಕು. ನಿನ್ನ ಗಂಡಗ ಎರಡು ಕಡಿಮಿ ಮಾಡು, ಪಲ್ಲೆ ಜಾಸ್ತಿ ಬಡಿಸು."

"ಅವರಿಗೆ ಯಾರು ಹೇಳಬೇಕ್ರೀ ಅಕ್ಕಾರೆ?" ಎಂದಳು.

ಸಂಜೆ ಟ್ರ್ಯಾಕ್ಟರ್ ಬರುವವರೆಗೆ ಕಾದು ನಾನೇ ಹೇಳಿದೆ. ಕಾಗದದ ಮೇಲೆ ಅವನ ದಿನ, ಅವರವ್ವನ ದಿನ ಎರಡನ್ನೂ ಗಂಟೆ ಹಾಕಿ ಬರೆದು ತೋರಿಸಿದೆ. ಡೀಸೆಲ್ ಲೆಕ್ಕ ಇಡುವ ಹುಡುಗ, ಗಣಿತ ಬೇಗ ಹಿಡಿಯಿತು. ಸೊಸೆ ಅವತ್ತಿನಿಂದ ಸಂಜೆ ಅತ್ತೆಯನ್ನೂ ಕೇಳಿಯೇ ಹಿಟ್ಟು ತೆಗೆಯುತ್ತಾಳೆ.